ಬಂದರಿನಲ್ಲಿ ಸಿಕ್ಕಿಬಿದ್ದ ಹಣ್ಣು ಮತ್ತು ಹೈಕೋರ್ಟ್ ದಾರಿ: ಕೊಡಗಿನ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಗೋಣಿಕೊಪ್ಪ, ಕುಶಾಲನಗರ, ಸಿದ್ದಾಪುರ ಕಡೆಯ ಹಣ್ಣು ಮತ್ತು ಸಂಬಾರ ವ್ಯಾಪಾರಿಗಳ ಕಡತ ಜೋಡಿಸಿ ವಕೀಲರಿಗೆ ಒಪ್ಪಿಸುವುದು ನನ್ನ ಕೆಲಸ. ನಾನು ವಕೀಲನಲ್ಲ. ಆದರೆ ಫೋನಿನಲ್ಲಿ 'ಕಂಟೇನರ್ ನಿಂತುಬಿಟ್ಟಿದೆ' ಅಂತ ಯಾರಾದರೂ ಅಂದರೆ ಮುಂದಿನ ಮಾತು ಏನು ಅಂತ ನನಗೆ ಈಗ ಬಾಯಿಪಾಠ: 'ಒಂದು ಸ್ಟೇ ತಗೊಂಡುಬಿಡೋಣ.' ಯಾವುದಕ್ಕೆ ಸ್ಟೇ, ಅಂದರೆ ಕೋರ್ಟಿನ ತಡೆ, ಅಂತ ಕೇಳಿದರೆ ಅರ್ಧ ಜನರ ಹತ್ತಿರ ಉತ್ತರ ಇರುವುದಿಲ್ಲ.

ಎಡವುವುದು ಇಲ್ಲೇ. ಹೊರದೇಶದಿಂದ ತರಿಸಿದ ಹಣ್ಣಿಗೆ ಇರುವುದು ಕೆಲವು ವಾರ. ಸರ್ಕಾರದ ಆಮದು ನಿರ್ಬಂಧ ಸರಿಯೋ ತಪ್ಪೋ ಎಂಬ ಪ್ರಶ್ನೆ ಮುಗಿಯಲು ವರ್ಷಗಳೇ ಬೇಕು. ಇವು ಎರಡು ಬೇರೆ ಬೇರೆ ಜಗಳ. ಎರಡನ್ನೂ ಕಲಸಿ ಒಂದೇ ಉಂಡೆ ಮಾಡಿದರೆ ಹಣ್ಣು ಕೊಳೆಯುತ್ತದೆ, ಕೇಸೂ ನಿಲ್ಲುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಒಳ್ಳೆಯ ವಕೀಲರೂ ಜಾಸ್ತಿ ಏನೂ ಮಾಡಲಾರರು.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಖರೀದಿ ಒಪ್ಪಂದ ಅಥವಾ ಪ್ರೊಫಾರ್ಮಾ ಇನ್‌ವಾಯ್ಸ್, ಅಂತಿಮ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಮಾಲು ಹಡಗೇರಿದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರ), ವಿಮೆ ಪತ್ರ, ಹಣ ಕಳಿಸಿದ ಬ್ಯಾಂಕ್ ಸಂದೇಶ ಅಥವಾ ಎಲ್‌ಸಿ (ಮಾರಿದವರಿಗೆ ಹಣ ಕೊಡುವ ಬ್ಯಾಂಕಿನ ಖಾತರಿ ಪತ್ರ), ರಫ್ತು ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ನಮ್ಮ ಕಡೆಯ ಆಮದು ಪರ್ಮಿಟ್, ಬಿಲ್ ಆಫ್ ಎಂಟ್ರಿ (ಮಾಲು ಬಿಡಿಸಲು ಕಸ್ಟಮ್ಸ್‌ಗೆ ನಾವು ಕೊಡುವ ಘೋಷಣೆ), ಐಇಸಿ (ಆಮದು-ರಫ್ತುದಾರರ ಸಂಖ್ಯೆ), ಆಹಾರ ಸುರಕ್ಷತಾ ಪರವಾನಗಿ. ಇವುಗಳ ಜೊತೆ ಕಸ್ಟಮ್ಸ್‌ನಿಂದ ಬಂದ ಪ್ರತಿ ಇಮೇಲ್, ಪ್ರತಿ ಪ್ರಶ್ನೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿ, ಫೋನಿನಲ್ಲಿ ಒಂದು, ಊರ ಹೊರಗಿರುವ ಯಾರದ್ದಾದರೂ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಟವರ್ ಇಲ್ಲ, ಅದೇ ಹೊತ್ತಿಗೆ ಬೆಂಗಳೂರಿನಿಂದ ವಕೀಲರು 'ಬಿಲ್ ಆಫ್ ಲೇಡಿಂಗ್‌ನ ಎರಡನೇ ಪುಟ ಕಳಿಸಿ' ಅನ್ನುತ್ತಾರೆ. ರೈಲೇ ಇಲ್ಲದ ಜಿಲ್ಲೆ ನಮ್ಮದು. ಸಂಪಾಜೆ ಘಾಟಿ ಬಂದ್ ಆದರೆ ಮಂಗಳೂರು ಕೂಡ ದೂರವೇ.

ಹಂತ 1: ನಿಮ್ಮನ್ನು ತಡೆದ ಕಾಗದ ಯಾವುದು?

'ಸರ್ಕಾರ ಬ್ಯಾನ್ ಮಾಡಿದೆ' ಅನ್ನುವ ಮಾತು ಸಾಲದು. ಯಾವ ಇಲಾಖೆ, ಯಾವ ಕಾನೂನಿನ ಯಾವ ಕಲಂ, ಯಾವ ತಾರೀಖಿನ ಕಾಗದ ಅಂತ ಬೇಕು. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ.

ಮೊದಲನೆಯದು ವಿದೇಶಿ ವ್ಯಾಪಾರದ ಅಧಿಸೂಚನೆ. 1992ರ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 3ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಹೊರಡಿಸಿ, ಗೆಜೆಟ್‌ನಲ್ಲಿ ಪ್ರಕಟಿಸುವುದು. 2023ರ ಮೇ 8ರ ಸೇಬಿನ ಅಧಿಸೂಚನೆ ಇದಕ್ಕೆ ಉದಾಹರಣೆ. ಸಿಐಎಫ್ ಬೆಲೆ (ಮಾಲು, ಸಾಗಣೆ, ವಿಮೆ ಸೇರಿದ ಬೆಲೆ) ಕಿಲೋಗೆ 50 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಮದು ನಿಷಿದ್ಧ, ಭೂತಾನ್‌ಗೆ ಮಾತ್ರ ವಿನಾಯಿತಿ. ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಿರುವುದು ಕರಿಮೆಣಸಿನದು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷಿದ್ಧ ಅಂತಲೇ ಬದಲಿಸಿದರು.

ಎರಡನೆಯದು ಡಿಜಿಎಫ್‌ಟಿಯ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ) ಟ್ರೇಡ್ ನೋಟಿಸ್, ಪಬ್ಲಿಕ್ ನೋಟಿಸ್, ಸುತ್ತೋಲೆಗಳು. ನೋಡಲು ಅಧಿಸೂಚನೆಯ ಹಾಗೇ ಇರುತ್ತವೆ. ಆದರೆ ತೂಕ ಬೇರೆ. ಕಾಯ್ದೆಯ 6(3) ಕಲಂ ಪ್ರಕಾರ 3 ಮತ್ತು 5ನೇ ಕಲಂಗಳ ಅಧಿಕಾರವನ್ನು ಕೇಂದ್ರ ಸರ್ಕಾರ ಡಿಜಿಎಫ್‌ಟಿಗೆ ಒಪ್ಪಿಸುವಂತಿಲ್ಲ. ಅಂದರೆ ನೀತಿಯನ್ನು ಬದಲಿಸುವುದು ಸರ್ಕಾರ, ಅದನ್ನು ನಡೆಸುವ ವಿಧಾನ ಹೇಳುವುದು ಡಿಜಿಎಫ್‌ಟಿ. ನಿಮ್ಮ ಮಾಲನ್ನು ತಡೆದಿರುವುದು ಬರೀ ಟ್ರೇಡ್ ನೋಟಿಸ್ ಆಗಿದ್ದು, ಅದು ಅಧಿಸೂಚನೆಯಲ್ಲಿ ಇಲ್ಲದ ಹೊಸ ನಿರ್ಬಂಧ ಹಾಕಿದ್ದರೆ, ನಿಮ್ಮ ಕೇಸು ಅಲ್ಲೇ ಅರ್ಧ ಗಟ್ಟಿ.

ಮೂರನೆಯದು ಸಸ್ಯ ಕ್ವಾರಂಟೈನ್. ಹೊರದೇಶದ ಕೀಟ-ರೋಗ ಒಳಬರದಂತೆ ತಡೆಯಲು 1914ರ ಕಾಯ್ದೆಯ ಅಡಿ ಬಂದ 2003ರ ಆದೇಶ. ಯಾವ ಹಣ್ಣು ಯಾವ ದೇಶದಿಂದ ಯಾವ ಷರತ್ತಿನ ಮೇಲೆ ಬರಬಹುದು ಅಂತ ಅದರ ಷೆಡ್ಯೂಲ್‌ಗಳಲ್ಲಿ ಇದೆ. ಪಟ್ಟಿಯಲ್ಲಿ ಇಲ್ಲದ ಹಣ್ಣಿಗೆ ಮೊದಲು ಕೀಟ-ರೋಗದ ಅಪಾಯದ ಪರಿಶೀಲನೆ ಆಗಬೇಕು. ಈ ಜಗಳವನ್ನು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. ವಿಜ್ಞಾನಿ ಅಪಾಯ ಅಂದಿದ್ದನ್ನು ನ್ಯಾಯಾಧೀಶರು ಅಲ್ಲಗಳೆಯುವುದು ಅಪರೂಪ. ಕಾಫಿ ಕಾಯಿಕೊರಕ ಹುಳು ತೋಟಕ್ಕೆ ಬಂದ ಮೇಲೆ ಏನಾಯಿತು ಅಂತ ಕಂಡ ನಮಗೆ ಅದರ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ.

ನಾಲ್ಕನೆಯದು ನಿರ್ಬಂಧವೇ ಅಲ್ಲ. ಬೆಲೆಯ ಬಗ್ಗೆಯೋ ಮೂಲ ದೇಶದ ಬಗ್ಗೆಯೋ ಅಧಿಕಾರಿಗೆ ಬಂದ ಅನುಮಾನ. ಶ್ರೀಲಂಕಾದ ಮೆಣಸು ಅಂತ ಕಾಗದ ಇದೆ, ಆದರೆ ಬೆಳೆದದ್ದು ಬೇರೆಡೆ ಎಂಬ ಸಂಶಯ. ಇದಕ್ಕೆ 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ಮೂಲ ದೇಶದ ನಿಯಮಗಳಿವೆ. ಸುಂಕ ರಿಯಾಯಿತಿ ಕೇಳುವವನೇ ಮೂಲದ ಮಾಹಿತಿ ಇಟ್ಟುಕೊಂಡಿರಬೇಕು. ಇಂಥಲ್ಲಿ ಅಧಿಸೂಚನೆಯನ್ನು ಪ್ರಶ್ನಿಸಿ ರಿಟ್ (ಹೈಕೋರ್ಟಿಗೆ ನೇರ ಅರ್ಜಿ) ಹಾಕುವುದು ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

*ಎಚ್ಚರಿಕೆಯ ಗಂಟೆ:* ನಿಮ್ಮ ಕಸ್ಟಮ್ಸ್ ಬ್ರೋಕರ್ ಕಾಗದದ ನಂಬರ್ ಹೇಳದೆ 'ಮೇಲಿನಿಂದ ಆರ್ಡರ್ ಇದೆ' ಅನ್ನುತ್ತಿದ್ದರೆ ಅಲ್ಲೇ ನಿಲ್ಲಿ. ತಡೆಹಿಡಿದ ಕಾರಣವನ್ನು ಬರಹದಲ್ಲಿ ಕೊಡಿ ಅಂತ ಅಧಿಕಾರಿಗೆ ಅದೇ ದಿನ ಇಮೇಲ್ ಹಾಕಿ.

ಹಂತ 2: ತಾರೀಖುಗಳ ಪಟ್ಟಿ ಬರೆಯಿರಿ

ಇಡೀ ಕಡತದಲ್ಲಿ ಅತಿ ಮುಖ್ಯವಾದ ಹಾಳೆ ಇದೇ. ಒಂದೇ ಪುಟ ಸಾಕು. ಒಪ್ಪಂದ ಆದ ದಿನ, ಹಣ ಹೋದ ದಿನ, ಎಲ್‌ಸಿ ತೆರೆದ ದಿನ, ಬಿಲ್ ಆಫ್ ಲೇಡಿಂಗ್ ದಿನ, ಅಧಿಸೂಚನೆ ಗೆಜೆಟ್‌ನಲ್ಲಿ ಬಂದ ದಿನ, ಹಡಗು ಮುಟ್ಟಿದ ದಿನ, ಬಿಲ್ ಆಫ್ ಎಂಟ್ರಿ ಹಾಕಿದ ದಿನ, ಮಾಲು ತಡೆದ ದಿನ.

ಇಲ್ಲಿ ಬಹಳ ಜನ ಒಂದು ಗೊಂದಲಕ್ಕೆ ಬೀಳುತ್ತಾರೆ. ಸುಂಕದ ದರ ತೀರ್ಮಾನ ಆಗುವುದು ಕಸ್ಟಮ್ಸ್ ಕಾಯ್ದೆಯ 15ನೇ ಕಲಂ ಪ್ರಕಾರ, ಅಂದರೆ ಬಿಲ್ ಆಫ್ ಎಂಟ್ರಿ ಹಾಕಿದ ದಿನದ ಮೇಲೆ. ಹಡಗು ಬರುವ ಮುಂಚೆಯೇ ಬಿಲ್ ಹಾಕಿದ್ದರೆ ಹಡಗಿಗೆ ಒಳಪ್ರವೇಶ ಸಿಕ್ಕ ದಿನ ಲೆಕ್ಕಕ್ಕೆ. ಆದರೆ ಆಮದು ನೀತಿಯ ನಿರ್ಬಂಧಕ್ಕೆ ಲೆಕ್ಕ ಬೇರೆ. ಅಲ್ಲಿ ಸಮುದ್ರದ ಸರಕಿಗೆ ಬಿಲ್ ಆಫ್ ಲೇಡಿಂಗ್ ದಿನ ನೋಡುತ್ತಾರೆ. ಸುಂಕ ಏರಿಕೆಯ ಕೇಸಿನ ವಾದವನ್ನು ತಂದು ನಿಷೇಧದ ಕೇಸಿಗೆ ಅಂಟಿಸಿದ ಅರ್ಜಿಗಳನ್ನು ನಾನು ಕಂಡಿದ್ದೇನೆ.

ಗಂಟೆ, ನಿಮಿಷ ಕೂಡ ಬರೆದುಕೊಳ್ಳಿ. ತಮಾಷೆ ಅಲ್ಲ. ಪುಲ್ವಾಮಾ ದಾಳಿಯ ನಂತರ, 2019ರ ಫೆಬ್ರವರಿ 16ರಂದು ಪಾಕಿಸ್ತಾನದ ಸರಕುಗಳ ಮೇಲೆ ಶೇ. 200 ಸುಂಕ ಹಾಕಿದರು. ಆ ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಟ್ಟಾರಿ ಗಡಿಯಲ್ಲಿ ಅಷ್ಟರೊಳಗೆ ಬಿಲ್ ಆಫ್ ಎಂಟ್ರಿ ಹಾಕಿದ್ದ ವ್ಯಾಪಾರಿಗಳಿಗೂ ಹೊಸ ಸುಂಕ ಕೇಳಿದರು. ಜಿ.ಎಸ್. ಚಠಾ ರೈಸ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಅದು ನಡೆಯದು ಅಂದಿತು. ಗೆಜೆಟ್‌ಗೆ ಏರಿದ ಕ್ಷಣದಿಂದ ಮಾತ್ರ ಅದು ಜಾರಿ, ಅದಕ್ಕೂ ಮುಂಚಿನ ಗಂಟೆಗಳಿಗೆ ಅಲ್ಲ.

ಆದ್ದರಿಂದ ಇ-ಗೆಜೆಟ್ ಪ್ರತಿಯನ್ನು ನೀವೇ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಫೋಟೋ ಬೇಡ.

ಇದೇ ಹಂತದಲ್ಲಿ ಇನ್ನೊಂದು ಕೆಲಸ ಇದೆ. ಅದಕ್ಕೆ ಗಡುವು ಇದೆ, ದಾಟಿದರೆ ಮುಗಿಯಿತು. 2023ರ ವಿದೇಶಿ ವ್ಯಾಪಾರ ನೀತಿಯ 1.05ನೇ ಪ್ಯಾರಾ ನೋಡಿ. ನಿರ್ಬಂಧ ಬರುವ ಮೊದಲೇ ರದ್ದು ಮಾಡಲಾಗದ ಎಲ್‌ಸಿ ತೆರೆದಿದ್ದರೆ, ಅದರ ಅವಧಿ ಮತ್ತು ಬಾಕಿ ಪ್ರಮಾಣದ ಮಟ್ಟಿಗೆ ಮಾಲು ತರಿಸಲು ಸಾಮಾನ್ಯವಾಗಿ ಅವಕಾಶ ಇದೆ. ಷರತ್ತು ಏನೆಂದರೆ, ನಿರ್ಬಂಧ ಬಂದ 15 ದಿನದೊಳಗೆ ಆ ಎಲ್‌ಸಿಯನ್ನು ಡಿಜಿಎಫ್‌ಟಿಯ ಪ್ರಾದೇಶಿಕ ಕಚೇರಿಯಲ್ಲಿ ನೋಂದಾಯಿಸಬೇಕು. ನಮಗೆ ಅದು ಬೆಂಗಳೂರು. ಹದಿನಾರನೇ ದಿನ ಬಂದು 'ಹುತ್ತರಿ ಹಬ್ಬ ಇತ್ತು' ಅಂದರೆ ಯಾರೂ ಕೇಳುವುದಿಲ್ಲ. ಹಾಗೇ, ಕೆಲವು ಅಧಿಸೂಚನೆಗಳಲ್ಲಿ ಈ ಸೌಲಭ್ಯ ಅನ್ವಯಿಸದು ಅಂತ ಕೊನೆಯ ಸಾಲಿನಲ್ಲಿ ಬರೆದಿರುತ್ತಾರೆ. ಕೊನೆಯ ಸಾಲಿನವರೆಗೂ ಓದಿ.

ಹಂತ 3: ಮೊದಲ ಎರಡು ದಿನ ಹಣ್ಣಿಗೆ, ಕಾನೂನಿಗಲ್ಲ

ಪರಿಚಯದವರೊಬ್ಬರ ಸೇಬಿನ ರೀಫರ್ (ಶೀತಲ) ಕಂಟೇನರ್ ಒಂದು ಬಂದರಿನಲ್ಲಿ ನಿಂತಿತ್ತು. ವಕೀಲರು ಯಾರು, ಫೀಸು ಎಷ್ಟು ಅಂತ ಚರ್ಚೆ ಮಾಡುವುದರಲ್ಲೇ ವಾರ ಹೋಯಿತು. ಕೊನೆಗೆ ತಪಾಸಣೆಗೆ ಬಾಗಿಲು ತೆಗೆದಾಗ ನಾನೂ ಇದ್ದೆ. ಮೊದಲು ಬಂದದ್ದು ತಂಪು ಗಾಳಿ ಅಲ್ಲ, ಹುಳಿ ಹೆಂಡದ ವಾಸನೆ. ಕೆಳಗಿನ ಸಾಲಿನ ಪೆಟ್ಟಿಗೆಗಳ ತಳ ಒದ್ದೆಯಾಗಿ ಕುಸಿದಿತ್ತು. ಬೆರಳು ಇಟ್ಟರೆ ಸಿಪ್ಪೆಯೊಳಗೆ ಇಳಿಯುತ್ತಿತ್ತು. ಒಳಗಿದ್ದ ತಾಪಮಾನ ದಾಖಲಿಸುವ ಪುಟ್ಟ ಯಂತ್ರದ ಗ್ರಾಫ್ ತೆಗೆದು ನೋಡಿದರೆ ಹಡಗಿನಲ್ಲಿ ಗೆರೆ ನೇರವಾಗಿದೆ, ಯಾರ್ಡಿಗೆ (ಬಂದರಿನ ಕಂಟೇನರ್ ಅಂಗಳಕ್ಕೆ) ಬಂದ ಮೂರನೇ ದಿನ ಮೇಲಕ್ಕೆ ಹೋಗಿದೆ. ಪ್ಲಗ್ ಕಳಚಿತ್ತು. ಯಾರು ಕಳಚಿದರು ಅನ್ನುವುದಕ್ಕೆ ಕಾಗದವೇ ಇಲ್ಲ, ಏಕೆಂದರೆ ಪ್ಲಗ್ ಹಾಕಿಡಿ ಅಂತ ಇವರು ಯಾರಿಗೂ ಬರಹದಲ್ಲಿ ಕೇಳಿರಲಿಲ್ಲ.

ಅದಕ್ಕೇ ಈ ಕ್ರಮ:

1. ಯಾರ್ಡಿನವರಿಗೆ ಮತ್ತು ಹಡಗು ಕಂಪನಿಗೆ ಇಮೇಲ್: ವಿದ್ಯುತ್ ಸಂಪರ್ಕ ತಪ್ಪಬಾರದು, ಇಷ್ಟು ಡಿಗ್ರಿ ಇರಬೇಕು, ದಿನಕ್ಕೊಮ್ಮೆ ತಾಪಮಾನ ತಿಳಿಸಬೇಕು. ಖರ್ಚು ನಿಮ್ಮದೇ ಅಂತಲೂ ಬರೆಯಿರಿ. ಕಂಜೂಸಿ ಮಾಡುವ ಜಾಗ ಇದಲ್ಲ.

2. ಪರವಾನಗಿ ಇರುವ ಸರ್ವೇಯರ್ ಕರೆಸಿ. ಹಣ್ಣು ಈಗ ಹೇಗಿದೆ, ಇನ್ನೆಷ್ಟು ದಿನ ಉಳಿಯುತ್ತದೆ ಅಂತ ವರದಿ ಬೇಕು. ಕೋರ್ಟಿನಲ್ಲಿ 'ಬೇಗ ಹಾಳಾಗುತ್ತದೆ' ಎಂಬ ಒಂದು ವಾಕ್ಯಕ್ಕೆ ಬೆಲೆ ಇಲ್ಲ. 'ಇಂಥ ತಾರೀಖಿನ ನಂತರ ಮಾರಾಟಕ್ಕೆ ಬಾರದು' ಎಂಬ ಸರ್ವೇಯರ್ ಮಾತಿಗೆ ಇದೆ.

3. ಕಸ್ಟಮ್ಸ್ ಕಾಯ್ದೆಯ 49ನೇ ಕಲಂ ಅಡಿ ಅರ್ಜಿ. ತೀರ್ಮಾನ ಆಗುವವರೆಗೆ ಮಾಲನ್ನು ಗೋದಾಮಿನಲ್ಲಿ ಇಡಲು ಅನುಮತಿ ಕೇಳುವುದು ಇದು. ಹತ್ತಿರದಲ್ಲಿ ಶೀತಲ ಗೋದಾಮು ಇದೆಯೇ ಅಂತ ಮೊದಲೇ ವಿಚಾರಿಸಿಡಿ. ಕಂಟೇನರ್ ಬಾಡಿಗೆ ನಿಂತರೆ ಅದೇ ದೊಡ್ಡ ಉಸಿರು.

4. ಮಾಲು ಜಪ್ತಿ ಆಗಿದ್ದರೆ 110ಎ ಕಲಂ ಅಡಿ ತಾತ್ಕಾಲಿಕ ಬಿಡುಗಡೆಗೆ ಅರ್ಜಿ. ಬಾಂಡ್ ಮತ್ತು ಭದ್ರತೆ ಕೊಟ್ಟು ಮಾಲು ಬಿಡಿಸುವ ದಾರಿ. ಬ್ಯಾಂಕ್ ಗ್ಯಾರಂಟಿಗೆ ಹಣ ಸಿದ್ಧ ಇದೆ ಅಂತ ಬ್ಯಾಂಕಿನ ಪತ್ರವನ್ನೂ ಜೊತೆಗೆ ಇಡಿ. ನಿಷಿದ್ಧ ಮಾಲು ಅಂತ ಅಧಿಕಾರಿ ಹಿಂದೇಟು ಹಾಕಬಹುದು. ಹಾಕಲಿ. ತಿರಸ್ಕಾರವೂ ಬರಹದಲ್ಲಿ ಬಂದರೆ ಅದೂ ನಿಮ್ಮ ಸಾಕ್ಷಿ.

5. ಡಿಟೆನ್ಷನ್ ಸರ್ಟಿಫಿಕೇಟ್ (ಮಾಲು ತಡೆದಿದ್ದೇವೆ ಅಂತ ಕಸ್ಟಮ್ಸ್ ಕೊಡುವ ಪತ್ರ) ಕೇಳಿ. ಕಸ್ಟಮ್ಸ್ ತಡೆದ ಅವಧಿಗೆ ಬಂದರಿನ ಬಾಡಿಗೆ ವಸೂಲಿ ಮಾಡಬಾರದು ಅಂತ 2009ರ ಸರಕು ನಿರ್ವಹಣೆ ನಿಯಮಗಳಲ್ಲಿ ಇದೆ. ಆದರೆ ಸರ್ಟಿಫಿಕೇಟ್ ಸಿಕ್ಕ ಕೂಡಲೇ ಬಿಲ್ ಸೊನ್ನೆ ಆಗುತ್ತದೆ ಅಂತ ನಂಬಬೇಡಿ. ಯಾರ್ಡಿನವರು, ಹಡಗಿನವರು ಜಗಳ ಮಾಡಿಯೇ ಬಿಡುವುದು.

ಇನ್ನೊಂದು ವಿಷಯ. ಬೇಗ ಕೆಡುವ ಮಾಲನ್ನು ಕಸ್ಟಮ್ಸ್ ತಾನೇ ಮಾರಿಬಿಡಬಹುದು. ಬಿಡಿಸಿಕೊಳ್ಳದೆ ಬಿಟ್ಟ ಸರಕಿಗೆ ಸಾಮಾನ್ಯವಾಗಿ 30 ದಿನದ ಗಡುವು ಇದ್ದರೂ, 48ನೇ ಕಲಂ ಪ್ರಕಾರ ಕೆಡುವ ಮಾಲಿಗೆ ಆ ಕಾಯುವಿಕೆ ಇಲ್ಲ. ಜಪ್ತಿಯಾದ ಮಾಲಿಗೆ 110(1ಎ) ಇದೆ, ಮ್ಯಾಜಿಸ್ಟ್ರೇಟರಿಂದ ಪಟ್ಟಿ ದೃಢೀಕರಿಸಿ ವಿಲೇವಾರಿ ಮಾಡುವುದು. ಇದನ್ನು ಕೇಳಿ ಹೆದರುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಇದು ಕೆಲವೊಮ್ಮೆ ಒಳ್ಳೆಯದೇ. ಕೊಳೆತ ಹಣ್ಣಿನ ಮೇಲೆ ಗೆದ್ದ ಕೇಸಿಗಿಂತ, ಮಾರಿ ಬಂದ ಹಣದ ಮೇಲೆ ನಡೆಯುವ ಕೇಸು ವಾಸಿ.

ಹಂತ 4: ಬೆಲೆಯ ಲೆಕ್ಕ ನೀವೇ ಹಾಕಿ ನೋಡಿ

ಕನಿಷ್ಠ ಬೆಲೆಯ ನಿರ್ಬಂಧ ಇದ್ದವರಿಗೆ ಮಾತ್ರ ಈ ಹಂತ. ಸಿಐಎಫ್ ಅಂದರೆ ಮಾಲಿನ ಬೆಲೆ, ಹಡಗಿನ ಸಾಗಣೆ, ವಿಮೆ ಮೂರೂ ಸೇರಿದ್ದು. ಸೇಬಿನ ಮೂಲ ಬೆಲೆ ಕಿಲೋಗೆ 41 ರೂಪಾಯಿ, ಸಾಗಣೆ 8, ವಿಮೆ 30 ಪೈಸೆ ಅಂತ ಇಟ್ಟುಕೊಳ್ಳಿ. ಒಟ್ಟು 49.30. ನಿಷಿದ್ಧ. ಸಾಗಣೆ 9 ಆಗಿದ್ದರೆ 50.30, ಆಮದು ಮಾಡಬಹುದು. ಒಂದು ರೂಪಾಯಿಯಲ್ಲಿ ಇಡೀ ಕಂಟೇನರಿನ ಹಣೆಬರಹ. ಹಾಗಾಗಿ ಸಾಗಣೆಯ ನಿಜವಾದ ರಸೀದಿ, ಯಾವ ದಿನದ ಡಾಲರ್ ದರ, ತೂಕ ನಿವ್ವಳವೋ ಪೆಟ್ಟಿಗೆ ಸಮೇತವೋ, ಇವನ್ನು ನೋಡಿ. ತೂಕವನ್ನು ಪೆಟ್ಟಿಗೆ ಸಮೇತ ಹಿಡಿದು ಕಿಲೋ ಬೆಲೆ ಕಡಿಮೆ ತೋರಿಸಿದ್ದಾರೆ ಅಂತ ಸಾಬೀತಾದರೆ ಕೋರ್ಟಿಗೆ ಹೋಗುವ ಅಗತ್ಯವೇ ಇರುವುದಿಲ್ಲ.

*ಎಚ್ಚರಿಕೆಯ ಗಂಟೆ:* 'ಇನ್‌ವಾಯ್ಸನ್ನೇ 51 ರೂಪಾಯಿಗೆ ಮಾಡಿಸೋಣ, ಉಳಿದದ್ದು ಆಮೇಲೆ ವಾಪಸ್ ಬರುತ್ತೆ' ಎಂಬ ಸಲಹೆ. ಸುಳ್ಳು ಘೋಷಣೆಗೆ ಕಸ್ಟಮ್ಸ್ ಕಾಯ್ದೆಯ 114ಎಎ ಕಲಂ ಅಡಿ ಮಾಲಿನ ಬೆಲೆಯ ಐದು ಪಟ್ಟುವರೆಗೆ ದಂಡ ಇದೆ. ವಿದೇಶಿ ವಿನಿಮಯದ ಕೇಸು ಬೇರೆ. ಈ ಸಲಹೆ ಕೊಟ್ಟವರು ಆ ದಿನ ನಿಮ್ಮ ಪಕ್ಕ ನಿಂತಿರುವುದಿಲ್ಲ.

ಹಂತ 5: ಮೊದಲು ಕೇಳಿ, ಆಮೇಲೆ ಕೋರ್ಟು

ಅಧಿಕಾರಿಯ ಮುಂದೆ ಬೇಡಿಕೆ ಇಟ್ಟು, ಅವರು ಇಲ್ಲ ಅಂದ ಮೇಲೆ ಅಥವಾ ಸುಮ್ಮನಿದ್ದ ಮೇಲೆ ರಿಟ್ ಹಾಕಿದರೆ ಅದಕ್ಕೆ ಬಲ. ಆದ್ದರಿಂದ ಒಂದು ಮನವಿ ಪತ್ರ ಕಡತದಲ್ಲಿ ಇರಲೇಬೇಕು. ಎರಡು ಪುಟ ಮೀರಬಾರದು. ಯಾವ ಅಧಿಸೂಚನೆ, ನಿಮಗೆ ಯಾಕೆ ಅನ್ವಯಿಸದು, ಹಣ್ಣು ಎಷ್ಟು ದಿನ ಉಳಿಯುತ್ತದೆ, ಏನು ಬೇಕು. ಕೊನೆಯಲ್ಲಿ ಉತ್ತರಕ್ಕೆ ಮೂರು ದಿನದ ಗಡುವು.

ವಿದೇಶಿ ವ್ಯಾಪಾರ ನೀತಿಯಲ್ಲೇ ವಿನಾಯಿತಿಯ ಬಾಗಿಲೂ ಇದೆ. 2.58ನೇ ಪ್ಯಾರಾ ಪ್ರಕಾರ ನಿಜವಾದ ಕಷ್ಟ ಇದ್ದವರಿಗೆ ಡಿಜಿಎಫ್‌ಟಿ ಸಡಿಲಿಕೆ ಕೊಡಬಹುದು. ಕ್ವಾರಂಟೈನ್ ಆದೇಶದಲ್ಲೂ ಸಡಿಲಿಕೆಯ ಕಲಂ ಇದೆ. ಹಣ್ಣಿನ ವೇಗಕ್ಕೆ ಇವು ಸಾಲವು, ಒಪ್ಪುತ್ತೇನೆ. ಆದರೂ ಅರ್ಜಿ ಹಾಕಿಡಿ. 'ಇರುವ ಬಾಗಿಲನ್ನೇ ತಟ್ಟದೆ ಇಲ್ಲಿ ಬಂದಿದ್ದಾರೆ' ಅಂತ ಸರ್ಕಾರಿ ವಕೀಲರು ಹೇಳುವ ಮೊದಲ ಮಾತಿಗೆ ಅದು ಉತ್ತರ.

ಇಲ್ಲಿ ಆಗುವ ಒಂದು ದೊಡ್ಡ ತಪ್ಪು: ಸರ್ಕಾರದ ಮೇಲೆ ಕೇಸಿಗೆ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು ಅಂತ ಊರಿನ ಯಾರೋ ಹೇಳಿ, ಕಾಯುತ್ತಾ ಕೂರುವುದು. ಅದು ಸಿವಿಲ್ ದಾವೆಗೆ, ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 80ನೇ ಕಲಂ. ರಿಟ್‌ಗೆ ಬೇಕಿಲ್ಲ. ಎರಡು ತಿಂಗಳಲ್ಲಿ ಸೇಬು ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಹಂತ 6: ಯಾವ ಊರಿನ, ಯಾವ ಬಾಗಿಲು?

ಅಧಿಸೂಚನೆಯೇ ಕಾನೂನುಬಾಹಿರ ಅನ್ನುವುದಾದರೆ ಸಂವಿಧಾನದ 226ನೇ ವಿಧಿಯ ಅಡಿ ಹೈಕೋರ್ಟಿಗೆ. ಅಧಿಕಾರಿ ಅಧಿಸೂಚನೆಯನ್ನು ತಪ್ಪಾಗಿ ಓದಿ ಆದೇಶ ಮಾಡಿದ್ದರೆ ಮೊದಲು ಮೇಲ್ಮನವಿ. ಕಮಿಷನರ್ (ಅಪೀಲ್ಸ್) ಹತ್ತಿರ 60 ದಿನದೊಳಗೆ, ಅಲ್ಲಿಂದ ಸೆಸ್ಟಾಟ್ ಎಂಬ ಕಸ್ಟಮ್ಸ್ ಮೇಲ್ಮನವಿ ನ್ಯಾಯಮಂಡಳಿಗೆ. ನಮಗೆ ಹತ್ತಿರದ ಪೀಠ ಬೆಂಗಳೂರಿನಲ್ಲಿದೆ. ಮೊದಲ ಮೇಲ್ಮನವಿಗೆ ವಿವಾದದ ಸುಂಕ ಅಥವಾ ದಂಡದ ಶೇ. 7.5, ಅಲ್ಲಿಂದ ಸೆಸ್ಟಾಟ್‌ಗೆ ಹೋಗುವಾಗ ಶೇ. 10 ಮುಂಗಡ ಕಟ್ಟಬೇಕು. ಆದರೆ ಅಧಿಸೂಚನೆಯನ್ನೇ ರದ್ದು ಮಾಡುವ ಅಧಿಕಾರ ಆ ಮಂಡಳಿಗೆ ಇಲ್ಲ.

ಮೇಲ್ಮನವಿಯ ದಾರಿ ಇದ್ದರೂ ನೇರ ಹೈಕೋರ್ಟಿಗೆ ಹೋಗಲು ಕೆಲವು ಕಾರಣಗಳನ್ನು ಸುಪ್ರೀಂ ಕೋರ್ಟಿನ 1998ರ ವರ್ಲ್‌ಪೂಲ್ ತೀರ್ಪು ಒಪ್ಪಿದೆ. ಮೂಲಭೂತ ಹಕ್ಕಿಗೆ ಪೆಟ್ಟು, ನಿಮ್ಮ ಮಾತು ಕೇಳದೆ ಆದೇಶ, ಅಧಿಕಾರವೇ ಇಲ್ಲದವರ ಆದೇಶ, ಕಾನೂನಿನ ಸಿಂಧುತ್ವದ ಪ್ರಶ್ನೆ. ಇವುಗಳಲ್ಲಿ ಯಾವುದು ನಿಮ್ಮದು ಅಂತ ಅರ್ಜಿಯ ಮೊದಲ ಎರಡು ಪುಟದಲ್ಲೇ ಬರಬೇಕು.

ಇನ್ನು ಊರು. ಮಾಲು ಮಂಗಳೂರು ಅಥವಾ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿದ್ದರೆ ಕರ್ನಾಟಕ ಹೈಕೋರ್ಟ್, ಬೆಂಗಳೂರು. ಕೊಡಗು ಬರುವುದು ಅದರ ಪ್ರಧಾನ ಪೀಠಕ್ಕೆ. ಕೊಚ್ಚಿಯಲ್ಲಿದ್ದರೆ ಎರ್ನಾಕುಲಂನ ಕೇರಳ ಹೈಕೋರ್ಟ್, ಚೆನ್ನೈಯಲ್ಲಿದ್ದರೆ ಮದ್ರಾಸ್ ಹೈಕೋರ್ಟ್. 'ನನ್ನ ಅಂಗಡಿ ವಿರಾಜಪೇಟೆಯಲ್ಲಿದೆ, ಹಾಗಾಗಿ ಬೆಂಗಳೂರಲ್ಲೇ ಹಾಕುತ್ತೇನೆ' ಅನ್ನುವುದು ಅಪಾಯ. ವಿವಾದದ ಸ್ವಲ್ಪ ಭಾಗ ಇಲ್ಲಿ ಹುಟ್ಟಿದ್ದರೂ, ಬೇರೆ ಹೈಕೋರ್ಟೇ ಸೂಕ್ತ ಅಂತ ಕಳಿಸಬಹುದು. 2004ರ ಕುಸುಮ್ ಇಂಗಾಟ್ಸ್ ತೀರ್ಪು ಅದನ್ನೇ ಹೇಳುತ್ತದೆ. ಬೆಂಗಳೂರಿನಲ್ಲಿ ಹತ್ತು ದಿನ ಕಳೆದು ಮತ್ತೆ ಎರ್ನಾಕುಲಂಗೆ ಹೊರಟರೆ ಹಣ್ಣಿನ ಕಥೆ ಮುಗಿದಂತೆ. ಮಾಲು ಎಲ್ಲಿದೆಯೋ ಅಲ್ಲಿಗೇ ಹೋಗಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಕೇರಳ, ಭಾರಿ ದೂರವೇನಲ್ಲ.

ರಜೆಯ ಕ್ಯಾಲೆಂಡರ್ ನೋಡಿ. ಬೇಸಿಗೆ, ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ತುರ್ತು ಪೀಠ ಕೂರುತ್ತದೆ, ಆದರೆ ಎಲ್ಲಾ ದಿನ ಅಲ್ಲ.

ಹಂತ 7: ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ

ಬೀಳುವ ವಾದಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜನಕ್ಕೆ ಪ್ರೀತಿ ಅವುಗಳ ಮೇಲೆಯೇ.

'ನನಗೆ ವ್ಯಾಪಾರದ ಹಕ್ಕಿದೆ' ಅಂತ 19(1)(ಜಿ) ವಿಧಿ ಹಿಡಿದು ಹತ್ತು ಪುಟ ಬರೆಯುವುದು. ಹಕ್ಕು ಇದೆ, ಆದರೆ 19(6)ರ ಪ್ರಕಾರ ಸಾರ್ವಜನಿಕ ಹಿತಕ್ಕೆ ನಿರ್ಬಂಧ ಹಾಕಬಹುದು. ದೇಶದ ರೈತರ ರಕ್ಷಣೆ ಎಂಬ ಉತ್ತರ ಸರ್ಕಾರದ ಬಾಯಿಯಲ್ಲಿ ಸಿದ್ಧವಾಗಿರುತ್ತದೆ.

'ಇದು ವಿಶ್ವ ವ್ಯಾಪಾರ ಒಪ್ಪಂದಕ್ಕೆ ವಿರುದ್ಧ' ಎಂಬ ವಾದದ ಗತಿ ಏನಾಯಿತು ಅಂತ ಬಟಾಣಿ ಕೇಸು ತೋರಿಸುತ್ತದೆ. 2019ರ ಮಾರ್ಚ್ 29ರ ಅಧಿಸೂಚನೆಗಳು ಬಟಾಣಿ, ತೊಗರಿ, ಹೆಸರು, ಉದ್ದಿನ ಆಮದಿಗೆ ವರ್ಷದ ಮಿತಿ ಹಾಕಿದವು. ಬಟಾಣಿಗೆ ಒಂದೂವರೆ ಲಕ್ಷ ಟನ್. ವಿಶ್ವ ವ್ಯಾಪಾರ ಒಪ್ಪಂದಕ್ಕೆ ತಕ್ಕಂತೆ ಇಂಥ ಮಿತಿ ಹಾಕಲು ವಿದೇಶಿ ವ್ಯಾಪಾರ ಕಾಯ್ದೆಯ 9ಎ ಕಲಂ ಪ್ರಕಾರ ಮೊದಲು ತನಿಖೆ ಆಗಬೇಕಿತ್ತು ಅಂತ ಆಮದುದಾರರು ವಾದಿಸಿದರು. 2020ರ ಆಗಸ್ಟ್ 26ರಂದು ಅಗ್ರಿಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 3(2) ಕಲಂ ಅಧಿಕಾರವೇ ಸಾಕು ಅಂದಿತು. ಈ ತೀರ್ಪು ಓದದೆ ಅರ್ಜಿ ಬರೆಸಬೇಡಿ.

ನಿಲ್ಲುವ ವಾದಗಳು ಚಿಕ್ಕವು, ಒಣ ಒಣ. ತಾರೀಖು: ನಿರ್ಬಂಧ ಬರುವ ಮೊದಲೇ ಹಡಗೇರಿದ ಮಾಲು ಇದು. ಅಧಿಕಾರ: ಇದು ಅಧಿಸೂಚನೆ ಅಲ್ಲ, ಬರೀ ಟ್ರೇಡ್ ನೋಟಿಸ್. ಅರ್ಥ: ಅಧಿಸೂಚನೆಯಲ್ಲಿರುವ ಸರಕಿನ ಸಂಕೇತ ಸಂಖ್ಯೆಯಲ್ಲಿ ನನ್ನ ಹಣ್ಣು ಬರುವುದೇ ಇಲ್ಲ. ವಿಚಾರಣೆ: ಕಾರಣ ಕೇಳಿ ನೋಟಿಸ್ ಕೊಡದೆ ಆದೇಶ ಮಾಡಿದ್ದಾರೆ. ತಾರತಮ್ಯ: ಇದೇ ಸ್ಥಿತಿಯ ಇನ್ನೊಬ್ಬರ ಮಾಲು ಇದೇ ಬಂದರಿನಲ್ಲಿ ಬಿಟ್ಟಿದ್ದಾರೆ, ಬಿಲ್ ಆಫ್ ಎಂಟ್ರಿ ಇಲ್ಲಿದೆ. ಇವುಗಳಲ್ಲಿ ಒಂದು ಗಟ್ಟಿಯಾಗಿದ್ದರೆ ಸಾಕು. ಹನ್ನೆರಡು ಕಾರಣ ಬರೆದ ಅರ್ಜಿಯಲ್ಲಿ ಒಳ್ಳೆಯ ಕಾರಣ ಕಳೆದುಹೋಗುತ್ತದೆ.

ಹಂತ 8: ಮಧ್ಯಂತರ ಕೋರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಸಿ

'ಅಧಿಸೂಚನೆಗೆ ತಡೆ ಕೊಡಿ' ಅಂತ ಒಂದೇ ಕೋರಿಕೆ ಇಟ್ಟರೆ, ಅದು ಸಿಗದಿದ್ದರೆ ಕೈ ಖಾಲಿ. ದೇಶದ ಎಲ್ಲರಿಗೂ ಅನ್ವಯಿಸುವ ನೀತಿಗೆ ಮೊದಲ ದಿನವೇ ತಡೆ ಕೊಡಲು ಯಾವ ನ್ಯಾಯಾಧೀಶರೂ ಯೋಚಿಸುತ್ತಾರೆ. ಒಂದು ಕಂಟೇನರ್ ಉಳಿಸಲು ಅಷ್ಟು ಯೋಚನೆ ಬೇಕಿಲ್ಲ.

ಮೊದಲ ಮೆಟ್ಟಿಲು: ಬಾಂಡ್ ಮತ್ತು ಬ್ಯಾಂಕ್ ಗ್ಯಾರಂಟಿ ಮೇಲೆ ಈ ಮಾಲಿನ ಬಿಡುಗಡೆ, ಅಂತಿಮ ತೀರ್ಪಿಗೆ ಒಳಪಟ್ಟು. ಎರಡನೆಯದು: ಅದಾಗದಿದ್ದರೆ, 110ಎ ಅರ್ಜಿಯನ್ನು 48 ಗಂಟೆಯೊಳಗೆ ತೀರ್ಮಾನಿಸಲು ಅಧಿಕಾರಿಗೆ ನಿರ್ದೇಶನ. ಮೂರನೆಯದು: ಅದೂ ಆಗದಿದ್ದರೆ ಮೇಲ್ವಿಚಾರಣೆಯಲ್ಲಿ ಮಾರಾಟ, ಹಣ ಠೇವಣಿ. ನಾಲ್ಕನೆಯದು: ಮಾಲನ್ನು ವಾಪಸ್ ಕಳಿಸಲು ಅನುಮತಿ. ಜೊತೆಗೆ ಶೀತಲ ವ್ಯವಸ್ಥೆ ಮುಂದುವರಿಸಲು ಯಾರ್ಡಿಗೆ ಸೂಚನೆ. ಇದಕ್ಕಾಗಿ ಯಾರ್ಡಿನವರನ್ನೂ ಹಡಗು ಕಂಪನಿಯನ್ನೂ ಪ್ರತಿವಾದಿಗಳಾಗಿ ಸೇರಿಸಿ. ಬಿಟ್ಟರೆ 'ನಮಗೆ ಆದೇಶ ಇಲ್ಲ' ಅನ್ನುತ್ತಾರೆ.

ತುರ್ತು ಮೆಮೊ ಜೊತೆ ಸರ್ವೇಯರ್ ವರದಿ ಮೇಲೆಯೇ ಇರಲಿ. ಕೇಂದ್ರ ಸರ್ಕಾರದ ಮತ್ತು ಕಸ್ಟಮ್ಸ್‌ನ ವಕೀಲರಿಗೆ ಮುಂಚೆಯೇ ಪ್ರತಿ ಕೊಡಿ. ಕೊಡದಿದ್ದರೆ ಮೊದಲ ದಿನ ಅವರು ಸಮಯ ಕೇಳುತ್ತಾರೆ, ಕೋರ್ಟ್ ಕೊಡುತ್ತದೆ. ಅರ್ಜಿಯ ಜೊತೆ ಕೊಡುವ ಅಫಿಡವಿಟ್‌ಗೆ ಸಹಿ ಮಡಿಕೇರಿಯ ನೋಟರಿ ಮುಂದೆಯೇ ಆಗುತ್ತದೆ, ಅದಕ್ಕಾಗಿ ಬೆಂಗಳೂರು ಬಸ್ ಹತ್ತಬೇಡಿ.

ಹಂತ 9: ಆದೇಶ ಸಿಕ್ಕಿತು. ಈಗ ಜಾಸ್ತಿ ತರಿಸಬೇಡಿ

ನಾನು ಕಂಡ ದೊಡ್ಡ ನಷ್ಟಗಳು ಸೋತವರದ್ದಲ್ಲ, ಮಧ್ಯಂತರ ಆದೇಶ ಗೆದ್ದವರದ್ದು. ಒಂದು ಕಂಟೇನರ್ ಬಿಟ್ಟಿತು ಅಂತ ಧೈರ್ಯದ ಮೇಲೆ ಇನ್ನೂ ಐದಕ್ಕೆ ಆರ್ಡರ್.

ಬಟಾಣಿ ಕಥೆ ಮುಂದೆ ಹೀಗೆ ಹೋಯಿತು. ಹೈಕೋರ್ಟುಗಳ ಮಧ್ಯಂತರ ಆದೇಶ ನಂಬಿ ಮಿತಿ ಮೀರಿ ತರಿಸಿದವರು ಪ್ರಾಮಾಣಿಕ ಆಮದುದಾರರಲ್ಲ, ಪರಿಣಾಮ ಅನುಭವಿಸಬೇಕು ಅಂತ ಅಗ್ರಿಕಾಸ್ ತೀರ್ಪು ಹೇಳಿತು. 2021ರ ಜೂನ್ 17ರಂದು ರಾಜ್ ಗ್ರೋ ಇಂಪೆಕ್ಸ್ ಪ್ರಕರಣದಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ಮಿತಿ ಮೀರಿದ ಮಾಲು ನಿಷಿದ್ಧ ಮಾಲೇ, ದಂಡ ಕಟ್ಟಿ ದೇಶದೊಳಗೆ ಮಾರುವಂತಿಲ್ಲ, ಪೂರ್ತಿ ಮುಟ್ಟುಗೋಲು. ವಾಪಸ್ ಕಳಿಸುವುದಕ್ಕೆ ಮಾತ್ರ ಅವಕಾಶ ಉಳಿಯಿತು. ಬಟಾಣಿ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರಬಲ್ಲದು. ಕಿವಿ ಹಣ್ಣೋ ಸೇಬೋ ಆಗಿದ್ದರೆ ವಾಪಸ್ ಕಳಿಸಲು ಏನು ಉಳಿದಿರುತ್ತಿತ್ತು?

*ಎಚ್ಚರಿಕೆಯ ಗಂಟೆ:* 'ಬೇರೆಯವರಿಗೆ ಸ್ಟೇ ಸಿಕ್ಕಿದೆ, ನೀವೂ ತರಿಸಿ.' ಆ ಸ್ಟೇ ಅವರ ಅರ್ಜಿಗೆ, ಅವರ ಮಾಲಿಗೆ. ನಿಮಗಲ್ಲ.

ಬ್ಯಾಂಕ್ ಗ್ಯಾರಂಟಿಯ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನವೀಕರಿಸಲು ಮರೆತು ಕೇಸು ಕೆಡಿಸಿಕೊಂಡವರಿದ್ದಾರೆ.

ನೀವು ಬೆಳೆಗಾರರಾಗಿ ಎದುರು ಪಕ್ಷದಲ್ಲಿದ್ದರೆ

ಈ ವಿಷಯ ನಮ್ಮ ಊರಿನ ಕ್ಯಾಂಟೀನಿನಲ್ಲಿ ಎತ್ತಿದರೆ ಜಗಳವೇ. ಒಂದು ಮೇಜಿನಲ್ಲಿ ಹಣ್ಣು ತರಿಸುವವನು, ಪಕ್ಕದ ಮೇಜಿನಲ್ಲಿ ಬಳ್ಳಿಯ ಮೆಣಸು ಒಣಗಿಸಿ ಬೆಲೆ ಕಾಯುವವನು. ಕೆಲವು ಮನೆಗಳಲ್ಲಿ ಇಬ್ಬರೂ ಅಣ್ಣ ತಮ್ಮ. ಆಮದು ನಿರ್ಬಂಧವನ್ನು ಆಮದುದಾರರು ಪ್ರಶ್ನಿಸಿದಾಗ, ಅದು ಉಳಿಯಲಿ ಅನ್ನುವ ಬೆಳೆಗಾರರೂ ಕೋರ್ಟಿನ ಮುಂದೆ ಬರಬಹುದು. ಆದರೆ ಅವರೂ ಎಡವುತ್ತಾರೆ: ಭಾವನೆ ತರುತ್ತಾರೆ, ಕಾಗದ ತರುವುದಿಲ್ಲ.

ಮಾಡಬೇಕಾದದ್ದು ಪಕ್ಷಗಾರರಾಗಿ ಸೇರಿಸಿಕೊಳ್ಳಿ ಎಂಬ ಅರ್ಜಿ. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ನೋಂದಾಯಿತ ಸಂಘದ ಹೆಸರಿನಲ್ಲಿ, ಠರಾವಿನ ಪ್ರತಿಯೊಂದಿಗೆ ಹೋದರೆ ವಾಸಿ. ಜೊತೆಗೆ ಆರ್‌ಟಿಸಿ, ಮೂರು-ನಾಲ್ಕು ವರ್ಷದ ಮಾರಾಟದ ಬಿಲ್ಲುಗಳು, ಅದೇ ತಿಂಗಳುಗಳ ಮಾರುಕಟ್ಟೆ ದರ. ಆಮದು ಬೆಲೆ ಇಳಿದಾಗ ನಿಮ್ಮ ಬಿಲ್ಲಿನಲ್ಲಿ ಏನಾಯಿತು ಅಂತ ಪಕ್ಕಪಕ್ಕ ತೋರಿಸುವ ಒಂದು ಹಾಳೆ ಮಾಡಿ. ಗೋಣಿಕೊಪ್ಪದ ವ್ಯಾಪಾರಿ ಚೀಟಿಯಲ್ಲಿ ಬರೆದುಕೊಟ್ಟ ದರ ಕೋರ್ಟಿಗೆ ಸಾಲದು. ಹಾಗಾಗಿ ಈ ಹಂಗಾಮಿನ ಮೆಣಸು ಮಾರುವಾಗಲೇ ಸರಿಯಾದ ಬಿಲ್ ಕೇಳಿ ಪಡೆಯಿರಿ. ತೂಕ, ತೇವಾಂಶ, ದರ, ತಾರೀಖು ನಾಲ್ಕೂ ಅದರಲ್ಲಿ ಇರಲಿ.